ಹೊಗೆಸೊಪ್ಪೂ ರಕ್ತದೊತ್ತಡವೂ

ಹೊಗೆಸೊಪ್ಪಿನ ಸೇವನೆಯಿಂದ ಶ್ವಾಸಕೋಶ ಕೆಡುವುದೆಂಬುದನ್ನು ಈಗ ಮೂರನೆಯ ಇಯತ್ತೆಯ ಬಾಲಕನೂ ಬಲ್ಲನು. ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರವೇ ಇರುವುದಷ್ಟೆ. 2016ರಿಂದ ಆ ಚಿತ್ರವೂ ಎಚ್ಚರಿಕೆಯ ಮಾತೂ ಕೂಡಿ ಪೊಟ್ಟಣದ ನೂರರಲ್ಲಿ 85 ಪಾಲನ್ನು ಆಕ್ರಮಿಸಿಕೊಂಡಿವೆ. ಆದರೆ ಬೀಡಿಗೂ ರಕ್ತದೊತ್ತಡಕ್ಕೂ ಏನು ಸಂಬಂಧವೆಂದು ಕೇಳಿ ನೋಡಿರಿ, ದೊಡ್ಡವರೂ ತಡವರಿಸುವರು. ಒತ್ತಡವು ಉಪ್ಪಿನಿಂದ ಬರುವುದು, ಚಿಂತೆಯಿಂದ ಬರುವುದು, ವಂಶದಿಂದ ಬರುವುದು. ಹೊಗೆಯಾದರೋ ಎದೆಗೂಡಿಗೆ ಹೋಗಿ ಹೊರಗೆ ಬಂದುಬಿಡುವುದು, ಅದಕ್ಕೂ ರಕ್ತಕ್ಕೂ ಏನು ನಂಟು? ಪುಣೆಯ ಪೇಟೆಗಳ ನಡುವೆ ಒಂದು ಸಣ್ಣ ದವಾಖಾನೆಯನ್ನಿಟ್ಟುಕೊಂಡು ಬಹುಕಾಲದಿಂದ ಕುಳಿತಿರುವ ನಮಗೆ ಈ ಪ್ರಶ್ನೆ ವಾರಕ್ಕೆ ನಾಲ್ಕಾರು ಸಲವಾದರೂ ಎದುರಾಗುವುದುಂಟು.

ನಮ್ಮಲ್ಲಿಗೆ ಬರುವವರಲ್ಲಿ ಕನ್ನಡಿಗರೇ ಹೆಚ್ಚು. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದೋಸೆಯ ಹಂಚಿನ ಮುಂದೆ ನಿಂತವರಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಮಳೆಯಿಲ್ಲದ ವರ್ಷ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಿದ್ದಾರೆ. ಅವರ ಮಕ್ಕಳಲ್ಲಿ ಕೆಲವರು ಈ ಶಾಲೆಯ ಬೆಂಚುಗಳ ಮೇಲೆಯೇ ಕುಳಿತಿರುವರೆಂಬುದನ್ನು ನಾವು ಬಲ್ಲೆವು. ಆದುದರಿಂದ ಈ ಲೇಖನವನ್ನು ವೈದ್ಯಶಾಸ್ತ್ರದ ಪಾಠವೆಂದು ತಿಳಿಯದೆ, ನಿಮ್ಮ ಮನೆಯ ಮಾತೆಂದೇ ಓದಬೇಕು.

ಮೊದಲು ರಕ್ತದೊತ್ತಡವೆಂದರೇನೆಂಬುದನ್ನು ನೋಡೋಣ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆಯು ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ ನೆಲದೊಳಗೆ ಕಲ್ಲಿನ ಕಾಲುವೆಯನ್ನು ಕಟ್ಟಿಸಿ ಊರಿನ ಹೌದುಗಳಿಗೆ ನೀರು ತಂದನು. ಅಲ್ಲಿ ನೀರು ಇಳಿಜಾರಿನಿಂದ ತಾನಾಗಿ ಹರಿಯಿತು. ನಮ್ಮ ದೇಹದಲ್ಲಿ ಅಂತಹ ಇಳಿಜಾರಿಲ್ಲ. ಪಾದದಿಂದ ನೆತ್ತಿಯವರೆಗೆ ರಕ್ತವನ್ನು ಒಯ್ಯಲು ಹೃದಯವು ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ತಳ್ಳಬೇಕು. ಹಾಗೆ ತಳ್ಳಿದಾಗ ನಾಳಗಳ ಗೋಡೆಯ ಮೇಲೆ ಬೀಳುವ ನೂಕೇ ರಕ್ತದೊತ್ತಡ. ಹೃದಯ ಮುದುಡಿದಾಗ ಒಂದು ಅಂಕಿ, ಸಡಿಲವಾದಾಗ ಇನ್ನೊಂದು. 120 ಮತ್ತು 80ರ ಆಸುಪಾಸು ಇದ್ದರೆ ಒಳ್ಳೆಯದು, 140 ಇಲ್ಲವೆ 90ನ್ನು ಮುಟ್ಟಿ ಅಲ್ಲಿಯೇ ನಿಂತರೆ ರೋಗ. ಇಟಲಿಯ ರಿವಾ-ರೋಚಿ ಎಂಬ ವೈದ್ಯನು ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ಮಾಡಿದನು. ರಷ್ಯದ ಕೊರೊಟ್ಕಾಫನು 1905ರಲ್ಲಿ ಆ ಪಟ್ಟಿಯ ಕೆಳಗೆ ಕಿವಿಗೊಟ್ಟು ನಾಡಿಯ ಸದ್ದನ್ನು ಕೇಳುವ ಕ್ರಮವನ್ನು ತೋರಿಸಿದನು. ಅಲ್ಲಿಯವರೆಗೆ ಈ ರೋಗವನ್ನು ಅಳೆದು ಹೇಳುವುದು ವೈದ್ಯರಿಗೆ ಸುಲಭವಾಗಿರಲಿಲ್ಲ. ಈಗಲೂ ಅದು ತಾನಾಗಿ ಕಾಣಿಸಿಕೊಳ್ಳುವುದು ಅಪರೂಪ. ನೋವಿಲ್ಲ, ಜ್ವರವಿಲ್ಲ, ಹಸಿವು ಕೆಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 30ರಿಂದ 79 ವರ್ಷದವರ ಪೈಕಿ ಸುಮಾರು 130 ಕೋಟಿ ಜನರಿಗೆ ಏರಿದ ರಕ್ತದೊತ್ತಡವಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ತಮಗೆ ರೋಗವಿರುವುದೇ ತಿಳಿಯದು.

ಇನ್ನು ಬೀಡಿಯ ಮಾತು. ಹೊಗೆಯನ್ನು ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದರ ನಿಕೋಟಿನು ಮಿದುಳನ್ನು ಸೇರುವುದು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಆಗ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುವುವು. ಹುಲಿಯನ್ನು ಕಂಡು ಓಡುವವನ ದೇಹದಲ್ಲಿ ಸುರಿಯುವ ರಸವೂ ಇದೇ. ಹೃದಯ ಬೇಗಬೇಗ ಬಡಿಯುವುದು, ನಾಳಗಳು ಬಿಗಿದು ಕಿರಿದಾಗುವುವು, ಒತ್ತಡ ಏರುವುದು. ಹುಲಿಯಾದರೆ ದಾಟಿ ಹೋಗುವುದು. ಬೀಡಿ ಸೇದುವವನು ಮಾತ್ರ ಆ ಹುಲಿಯನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಇಪ್ಪತ್ತು ಸಲ ಹೊರಗೆ ಬಿಡುತ್ತಾನೆ. ಒಂದು ಸಲ ಏರಿದ ಒತ್ತಡ ಇಳಿಯಲು ಅರ್ಧ ಗಂಟೆಯಾದರೂ ಬೇಕೆಂದರೆ, ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಎಷ್ಟು ಗಂಟೆ ಅವನ ನಾಳಗಳಿಗೆ ವಿಶ್ರಾಂತಿ ಉಳಿಯಿತೆಂಬುದನ್ನು ಗಣಿತದಲ್ಲಿ ಚುರುಕಾದವರು ತಾವೇ ಲೆಕ್ಕ ಹಾಕಬಹುದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವೂ ಇದೆ. ಅದು ರಕ್ತದ ಕೆಂಪು ಕಣಗಳಲ್ಲಿ ಪ್ರಾಣವಾಯುವಿನ ಸ್ಥಳವನ್ನು ಕಸಿದುಕೊಳ್ಳುವುದರಿಂದ ಹೃದಯವು ಹೆಚ್ಚು ದುಡಿಯಬೇಕು, ಆದರೆ ಅದಕ್ಕೆ ಸಿಕ್ಕುವ ಆಹಾರ ಕಡಿಮೆ. ಜೊತೆಗೆ ನಾಳಗಳ ಒಳಮೈಯ ನವಿರಾದ ಪದರು ಹೊಗೆಯಿಂದ ಒರಟಾಗಿ, ಅಲ್ಲಿ ಕೊಬ್ಬು ಹತ್ತಿಕೊಳ್ಳಲು ಎಡೆಯಾಗುವುದು.

ಇಲ್ಲೊಂದು ಮಾತನ್ನು ಮರೆಮಾಚದೆ ಹೇಳಬೇಕು. ಅನೇಕ ಸಮೀಕ್ಷೆಗಳಲ್ಲಿ ಧೂಮಪಾನ ಮಾಡುವವರ ಒತ್ತಡವನ್ನು ದವಾಖಾನೆಯಲ್ಲಿ ಅಳೆದು ನೋಡಿದರೆ ಇತರರಷ್ಟೇ, ಕೆಲವು ಸಲ ಇತರರಿಗಿಂತ ತುಸು ಕಡಿಮೆಯೇ ಇರುವುದುಂಟು. ಬೀಡಿ ಸೇದುವವರು ಸಾಮಾನ್ಯವಾಗಿ ಮೈಯಲ್ಲಿ ತೆಳ್ಳಗಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯವಾದುದು. ದವಾಖಾನೆಯ ಬೆಂಚಿನ ಮೇಲೆ ಸರದಿ ಕಾಯುತ್ತ ಒಂದು ಗಂಟೆ ಕುಳಿತವನು ಅಲ್ಲಿ ಹೊಗೆ ಸೇದುವಂತಿಲ್ಲ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಅದಕ್ಕೆ ನಿಷೇಧವಿದೆ. ಅವನ ಸರದಿ ಬರುವ ಹೊತ್ತಿಗೆ ಹಿಂದಿನ ಬೀಡಿಯ ಪ್ರಭಾವ ಇಳಿದುಹೋಗಿರುತ್ತದೆ, ಯಂತ್ರವು ಒಳ್ಳೆಯ ಅಂಕಿಯನ್ನು ತೋರಿಸುತ್ತದೆ, ರೋಗಿ ನಗುತ್ತ ಹೊರಗೆ ಹೋಗಿ ಬೆಂಕಿಪೊಟ್ಟಣಕ್ಕೆ ಕೈ ಹಾಕುತ್ತಾನೆ. ದಿನವಿಡೀ ತೋಳಿಗೆ ಕಟ್ಟಿಕೊಂಡಿರುವ ಯಂತ್ರದಿಂದ ಅಳೆದಾಗ ಮಾತ್ರ ಅವನ ಹಗಲಿನ ಒತ್ತಡ ಮೇಲಕ್ಕಿರುವುದು ಬೆಳಕಿಗೆ ಬರುತ್ತದೆ. ವೈದ್ಯರು ಇದನ್ನು ಮುಸುಕಿನ ರಕ್ತದೊತ್ತಡವೆನ್ನುತ್ತಾರೆ.

ಒಬ್ಬ ಅಡಿಗೆಯವರ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಕುಂದಾಪುರದ ಕಡೆಯವರು, ಐವತ್ತು ದಾಟಿದವರು, ಮಾತಿನಲ್ಲಿ ಗಟ್ಟಿಗರು. "ಡಾಕ್ಟ್ರೇ, ನಿಮ್ಮ ಯಂತ್ರವೇ ಹೇಳ್ತದಲ್ಲ, ಬೀಡಿ ನನ್ಗೆ ಏನೂ ಮಾಡ್ಲಿಲ್ಲ. ಅದಿಲ್ದಿದ್ರೆ ಬೆಳಿಗ್ಗೆ ಹೊಟ್ಟೆ ಸರಿ ಆಗುದಿಲ್ಲ" ಎಂದು ನಮ್ಮನ್ನೇ ಸಮಾಧಾನಪಡಿಸುತ್ತಿದ್ದರು. ಒಂದು ದಿನ ಅವರ ಒತ್ತಡ 142 ಮತ್ತು 88 ಬಂದಿತು. ಔಷಧದ ಚೀಟಿಯನ್ನು ಬರೆಯುವಷ್ಟರಲ್ಲಿ ಅವರು ಮೂಲೆಯ ಚಹದ ಅಂಗಡಿಗೆ ಹೋಗಿ ಬಂದರು. ಬಾಗಿಲಲ್ಲಿಯೇ ವಾಸನೆ ತಿಳಿಯಿತು. ಬೈಯುವುದನ್ನು ಬಿಟ್ಟು ಪುನಃ ಪಟ್ಟಿ ಸುತ್ತಿದೆವು. 156 ಮತ್ತು 96. ಅವರು ಯಂತ್ರವನ್ನು ನೋಡಿದರು, ನಮ್ಮನ್ನು ನೋಡಿದರು, ಇನ್ನೊಂದು ತೋಳನ್ನು ಮುಂದೆ ಚಾಚಿದರು. ಅದರಲ್ಲಿಯೂ ಅಷ್ಟೇ. ಚಹವೂ ತುಸು ಏರಿಸುವುದೆಂಬುದು ನಿಜ, ಅದನ್ನೂ ಅವರಿಗೆ ಹೇಳಿದೆವು. ಆದರೆ ಹತ್ತು ವರ್ಷ ನಾವು ಆಡಿದ ಮಾತು ಮಾಡದ ಕೆಲಸವನ್ನು ಆ ಹತ್ತು ನಿಮಿಷ ಮಾಡಿತು. ಅವರು ಬೀಡಿಯನ್ನು ಅಂದೇ ಬಿಟ್ಟರೆಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು. ಬಿಟ್ಟದ್ದು ಮೂರನೆಯ ಪ್ರಯತ್ನದಲ್ಲಿ, ಒಂದೂವರೆ ವರ್ಷದ ಮೇಲೆ. ಹೊಟ್ಟೆಯ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ನಿಕೋಟಿನಿಗೆ ಒಗ್ಗಿದ ಕರುಳು ಅದಿಲ್ಲದೆ ಕೆಲವು ವಾರ ಮಂದವಾಗುವುದು. ಬಿಸಿನೀರು, ಹಣ್ಣು, ಸೊಪ್ಪುಗಳಿಂದ ಮರಳಿ ದಾರಿಗೆ ಬರುವುದು. ರೋಗಿಯ ಇಂತಹ ಮಾತನ್ನು ನೆವವೆಂದು ತಳ್ಳಿಹಾಕುವ ವೈದ್ಯನ ಉಪದೇಶವನ್ನು ರೋಗಿಯೂ ಹಾಗೆಯೇ ತಳ್ಳಿಹಾಕುವನು.

ಹೊಗೆಸೊಪ್ಪಿನ ವಿಷಯದಲ್ಲಿ ವೈದ್ಯನ ಮಾತು ಸೋತದ್ದು ಇಂದು ನಿನ್ನೆಯ ಸಂಗತಿಯಲ್ಲ. ಅದರ ಮೊದಲ ಕತೆಗೆ ನಮ್ಮ ವಿಜಯಪುರವೇ ರಂಗಸ್ಥಳ. 1604ರ ಸುಮಾರಿಗೆ ಅಕ್ಬರನ ದೂತನಾದ ಅಸದ್ ಬೇಗನು ಆದಿಲಶಾಹಿಯ ವಿಜಯಪುರದಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಅಲಂಕರಿಸಿದ ಚಿಲುಮೆಯೊಂದಿಗೆ ಅದನ್ನು ಆಗ್ರೆಗೆ ಒಯ್ದನು. ಬಾದಶಹನು ಕುತೂಹಲದಿಂದ ಎರಡು ಮೂರು ಸಲ ಎಳೆದನು. ಆಸ್ಥಾನದ ಹಕೀಮನು ಇದು ಯಾರೂ ಪರೀಕ್ಷಿಸದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲವೆಂದು ತಡೆದನು. ಅಸದ್ ಬೇಗನು ಫಿರಂಗಿಗಳಲ್ಲಿಯೂ ಬುದ್ಧಿವಂತರಿದ್ದಾರಲ್ಲವೆ ಎಂದು ವಾದಿಸಿದನು. ಬಾದಶಹನು ಮುಂದೆ ಅದನ್ನು ರೂಢಿಸಿಕೊಳ್ಳಲಿಲ್ಲ, ಆದರೆ ಸರದಾರರು ಬಿಡಲಿಲ್ಲ; ವರ್ತಕರು ತರಿಸಿ ಮಾರಿದರು. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆಯನ್ನು ಹೊರಡಿಸಿದನು. ಹೊಗೆ ಆ ಆಜ್ಞೆಗೆ ಬೆದರಲಿಲ್ಲವೆಂಬುದಕ್ಕೆ ನಮ್ಮ ಬೀದಿಯ ಮೂಲೆಯ ಅಂಗಡಿಯೇ ಸಾಕ್ಷಿ.

ಬೇಸಿಗೆಯ ರಜೆಗೆ ಊರಿಗೆ ಹೋಗುವವರು ಕೊಲ್ಹಾಪುರವನ್ನು ದಾಟಿ ಕರ್ನಾಟಕದ ಗಡಿಯನ್ನು ಹೊಕ್ಕೊಡನೆ ನಿಪ್ಪಾಣಿಯನ್ನು ಕಾಣುವಿರಿ. ಬೀಡಿಯ ತಂಬಾಕಿಗೆ ಹೆಸರಾದ ಪೇಟೆ ಅದು. 1981ರ ಮಾರ್ಚ್ ತಿಂಗಳಲ್ಲಿ ಬೆಳೆಗೆ ತಕ್ಕ ಬೆಲೆ ಬೇಕೆಂದು ಸಾವಿರಾರು ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಕುಳಿತರು. ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ಜನ ಬಲಿಯಾದರು. ಬೀಡಿಯನ್ನು ಬಿಡಿರಿ ಎಂದು ದಿನವೂ ಹೇಳುವ ನಮಗೆ ಆ ಊರಿನ ಮೇಲೆ ಹಾದು ಹೋಗುವಾಗ ಮನಸ್ಸು ಸ್ವಲ್ಪ ಭಾರವಾಗುವುದು. ಅದನ್ನು ಬೆಳೆದು, ತೆಂದೂ ಎಲೆಯಲ್ಲಿ ಸುತ್ತಿ, ದಾರ ಕಟ್ಟಿ ಹೊಟ್ಟೆ ಹೊರೆಯುವವರ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರಿಯ ಬೀಡಿಯನ್ನು ಶಪಿಸುವುದು ನಮಗೆ ಸರಿತೋರದು. ಹಾಗೆಂದು ಬೀಡಿ ಸಾಧುವಾಗಲಿಲ್ಲ. ಎಲೆಯು ಕಾಗದದಂತೆ ತಾನಾಗಿ ಉರಿಯದಾದುದರಿಂದ ಅದು ಆರದಂತೆ ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗುವುದು. ತಂಬಾಕು ಕಡಿಮೆಯಿದ್ದರೂ ಒಳಗೆ ಸೇರುವ ವಿಷ ಸಿಗರೇಟಿಗೆ ಕಡಿಮೆಯಿಲ್ಲ.

ಮಹಾರಾಷ್ಟ್ರದಲ್ಲಿ ಹೊಗೆ ಸೇದುವವರಿಗಿಂತ ತಂಬಾಕನ್ನು ಬಾಯಲ್ಲಿಡುವವರೇ ಬಹಳ. 2016-17ರ ಸಮೀಕ್ಷೆಯಲ್ಲಿ ಇಲ್ಲಿಯ ವಯಸ್ಕರಲ್ಲಿ ನೂರಕ್ಕೆ 26.6 ಜನ, ಕರ್ನಾಟಕದಲ್ಲಿ 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಸೇವಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಪುಣೆಗೆ ಬಂದ ಮೇಲೆ ಕಲಿತುಕೊಳ್ಳುವ ಮಿಶ್ರಿಯೂ ಇದರಲ್ಲಿ ಸೇರಿದೆ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವರು. ಒತ್ತಡ ಇಳಿಯದ ಒಬ್ಬ ತಾಯಿಯನ್ನು ನಾವು ಎರಡು ಸಲ ತಂಬಾಕಿನ ವಿಷಯ ಕೇಳಿದೆವು. ಎರಡು ಸಲವೂ "ಛೀ, ನಾ ಎಂದೂ ಮುಟ್ಟಿಲ್ರಿ ಸಾಹೇಬ್ರ" ಎಂದರು. ಮೂರನೆಯ ಸಲ ಹಲ್ಲನ್ನು ಏತರಿಂದ ತಿಕ್ಕುವಿರೆಂದು ಕೇಳಿದೆವು. "ಮಿಶ್ರೀಲೆ ತಿಕ್ಕತೀನ್ರಿ. ದಿನಾ ನಾಕ ಸಲ. ಅದು ತಂಬಾಕ ಹೆಂಗಾಗತದರಿ?" ಆ ತಾಯಿ ಸುಳ್ಳಾಡಿರಲಿಲ್ಲ. ಪ್ರಶ್ನೆ ಕೇಳುವ ರೀತಿ ಬೇರೆಯಾಗಬೇಕಿತ್ತು, ಅಷ್ಟೆ. ಒಸಡಿನ ಮೂಲಕ ರಕ್ತಕ್ಕಿಳಿಯುವ ನಿಕೋಟಿನು ಹೊಗೆಯ ಮೂಲಕ ಬಂದ ನಿಕೋಟಿನಿಗಿಂತ ಬೇರೆಯಲ್ಲ. ನಿಧಾನವಾಗಿ ಬಂದು ಹೆಚ್ಚು ಹೊತ್ತು ನಿಲ್ಲುವುದೊಂದೇ ವ್ಯತ್ಯಾಸ.

ಔಷಧಗಳ ಕಡೆಯಿಂದ ಈಗ ಬಡತನವಿಲ್ಲ. ನಮ್ಮ ದೇಶದ ಸರ್ಪಗಂಧಿಯ ಬೇರಿನಿಂದ ರಕ್ತದೊತ್ತಡ ಇಳಿಯುವುದೆಂಬುದನ್ನು ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಜಗತ್ತಿನ ಕಣ್ಣು ತೆರೆಸಿದರು. ಅದಕ್ಕಿಂತ ಉತ್ತಮವಾದ ಗುಳಿಗೆಗಳು ಆಮೇಲೆ ಬಂದಿವೆ, ಅವುಗಳಲ್ಲಿ ಹಲವು ಅಗ್ಗವಾಗಿಯೂ ಇವೆ. ಕೊರತೆಯಿರುವುದು ತಿಳಿಯಹೇಳುವುದರಲ್ಲಿ. ಇಂಡಿ ತಾಲೂಕಿನ ಒಬ್ಬ ಗೌಂಡಿಯವರಿಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಗುಳಿಗೆ ಬರೆದುಕೊಟ್ಟಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು, ಹೇಳಿದ ಮಾತು ಮರಾಠಿಯಲ್ಲಿತ್ತು, ಅದೂ ಅವಸರದಲ್ಲಿ. ತಿಂಗಳು ಕಳೆಯಿತು. "ಗುಳಿಗಿ ತಗೊಂಡೆ, ತಲಿನೋವು ಹೋತರಿ. ಮತ್ತ ಯಾಕ ತಗೋಬೇಕು?" ಎಂದು ಅವರು ನಿಲ್ಲಿಸಿದರು. ಬೀಡಿ ದಿನಕ್ಕೆ ಒಂದು ಕಟ್ಟು ನಡೆದೇ ಇತ್ತು. ಅದನ್ನು ಬಿಡಬೇಕೆಂದು ಯಾರೂ ಅವರಿಗೆ ತಿಳಿಯುವಂತೆ ಹೇಳಿರಲಿಲ್ಲ. ಒಂದು ಮುಂಜಾನೆ ಬಲಗೈಯಿಂದ ಕರಣಿ ಜಾರಿ ಬಿದ್ದಿತು; ಎತ್ತಲು ಹೋದರೆ ಕೈ ಏಳಲಿಲ್ಲ, ಮಾತು ತೊದಲಿತು. ಅವರು ನಮ್ಮ ಬಳಿಗೆ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಈಗ ಕಾವಲಿನ ಕೆಲಸ ಮಾಡುತ್ತಾರೆ. ಗೋಡೆಯ ಗಾರೆಯನ್ನು ಕನ್ನಡಿಯಂತೆ ನುಣುಪು ಮಾಡುತ್ತಿದ್ದ ಆ ಕೈ ಗೇಟಿನ ಅಗಳಿಯನ್ನು ಸರಿಸಲು ಇನ್ನೊಂದು ಕೈಯ ನೆರವನ್ನು ಬೇಡುವುದನ್ನು ನಾವು ಕಂಡಿದ್ದೇವೆ.

1948ರಲ್ಲಿ ಅಮೆರಿಕೆಯ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ಆರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದ ವೈದ್ಯರು ಏರಿದ ಒತ್ತಡವೂ ಧೂಮಪಾನವೂ ಹೃದಯರೋಗಕ್ಕೆ ದಾರಿಯೆಂದು ತೋರಿಸಿದರು. ಎರಡೂ ಒಬ್ಬನಲ್ಲಿಯೇ ಕೂಡಿದರೆ ಅಪಾಯ ಇನ್ನೂ ಹೆಚ್ಚು. ಗೌಂಡಿಯವರದು ಅಂತಹ ಮೈ. ಅವರ ಮಗಳು ಆಗ ಆರನೆಯ ಇಯತ್ತೆಯಲ್ಲಿದ್ದಳು. ಹಳೆಯ ದಿನದರ್ಶಿಕೆಯ ಹಾಳೆಯ ಹಿಂಬದಿಯಲ್ಲಿ ನಾವು ಹೇಳಿದಂತೆ ಅವಳು ಕನ್ನಡದಲ್ಲಿ ಬರೆದುಕೊಂಡಳು: ಬಿಳಿಯ ಗುಳಿಗೆ ಬೆಳಿಗ್ಗೆ, ತಲೆ ನೋಯಲಿ ನೋಯದಿರಲಿ, ಉಪ್ಪಿನಕಾಯಿ ಹಪ್ಪಳ ಬೇಡ, ಬೀಡಿ ಬಿಡುವ ದಿನ ಇಂತಹುದು. ಕೊನೆಯ ಸಾಲಿನಲ್ಲಿ ತಾರೀಖನ್ನು ತಂದೆಯೇ ಹೇಳಬೇಕೆಂದು ನಾವು ಪಟ್ಟು ಹಿಡಿದೆವು. ಅವರು ಬಹಳ ಹೊತ್ತು ಯೋಚಿಸಿ ಸಂಕ್ರಾಂತಿಯೆಂದರು. ಹಾಳೆಯನ್ನು ಅವಳು ಓದಿ ಹೇಳಿದ ಮೇಲೆ, ಅದನ್ನೇ ತಮ್ಮ ಮಾತಿನಲ್ಲಿ ನಮಗೆ ತಿರುಗಿ ಹೇಳುವಂತೆ ತಂದೆಯನ್ನು ಕೇಳಿದೆವು. ರೋಗಿ ತಲೆದೂಗಿದರೆ ತಿಳಿಯಿತೆಂದು ಅರ್ಥವಲ್ಲ. ಹಿರಿಯರ ಮುಂದೆ ತಲೆದೂಗುವುದು ನಮ್ಮ ಜನರ ಮರ್ಯಾದೆ. ತಿರುಗಿ ಹೇಳುವಾಗ ಎಲ್ಲಿ ತಡೆಯುವರೋ ಅಲ್ಲಿ ಪುನಃ ಪಾಠ ಆರಂಭವಾಗಬೇಕು.

ಬಿಟ್ಟವರಿಗೆ ಮೊದಲ ವಾರ ಕಷ್ಟ. ಸಿಟ್ಟು ಬರುವುದು, ನಿದ್ದೆ ಕೆಡುವುದು, ಹಸಿವು ಹೆಚ್ಚುವುದು. ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಿಳಿಯಾಗುವುದು. ಮನೆಯವರು ಆ ದಿನಗಳಲ್ಲಿ ಸ್ವಲ್ಪ ಸೈರಿಸಿಕೊಳ್ಳಬೇಕು. ಲಾಭವಾದರೋ ಬೇಗನೆ ಆರಂಭವಾಗುವುದು. ಕೊನೆಯ ಬೀಡಿಯಾಗಿ ಇಪ್ಪತ್ತು ನಿಮಿಷದೊಳಗೆ ನಾಡಿಯೂ ಒತ್ತಡವೂ ಇಳಿಯತೊಡಗುವುವು; ಒಂದೆರಡು ದಿನಗಳಲ್ಲಿ ರಕ್ತದಲ್ಲಿಯ ವಿಷವಾಯು ತೊಲಗುವುದು; ಒಂದು ವರ್ಷ ಕಳೆಯುವಷ್ಟರಲ್ಲಿ ಧೂಮಪಾನದಿಂದ ಹೃದಯಕ್ಕಿದ್ದ ಅಪಾಯ ಸುಮಾರು ಅರ್ಧಕ್ಕಿಳಿಯುವುದು. ಇಪ್ಪತ್ತರಿಂದ ಒಂದಕ್ಕೆ ಇಳಿಸಿದ್ದೇನಲ್ಲ ಎಂದು ತೃಪ್ತಿಪಡುವವರಿಗೆ ಮಾತ್ರ ನಾವು ಅಷ್ಟು ಧೈರ್ಯ ಹೇಳಲಾರೆವು. ದಿನಕ್ಕೆ ಒಂದೇ ಸಿಗರೇಟು ಸೇದುವವರಲ್ಲಿಯೂ ಇಪ್ಪತ್ತು ಸೇದುವವರಿಗಿರುವ ಹೃದಯದ ಹೆಚ್ಚಿನ ಅಪಾಯದ ಸುಮಾರು ಅರ್ಧ ಪಾಲು ಉಳಿದೇ ಇರುವುದೆಂದು 2018ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದು ಕಂಡಿದೆ. ಒಬ್ಬರೇ ಬಿಡಲಾರದವರು 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆ ಕೇಳಬಹುದು. ಒತ್ತಡವನ್ನು ಅಳೆಯಿಸಿಕೊಳ್ಳುವ ಮುನ್ನ ಅರ್ಧ ಗಂಟೆ ಹೊಗೆಯನ್ನೂ ಚಹ ಕಾಫಿಗಳನ್ನೂ ಬಿಟ್ಟು, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಆದರೆ ದಿನಕ್ಕೆ ಎಷ್ಟು ಸೇದುವಿರೆಂಬುದನ್ನು ವೈದ್ಯರಿಗೆ ಮುಚ್ಚಿಡಕೂಡದು.

ಹಿಂದಿನ ವರ್ಷ ಈ ಶಾಲೆಯಲ್ಲಿ ಇದೇ ವಿಷಯವಾಗಿ ನಾಲ್ಕು ಮಾತನಾಡಿದಾಗ ಮಕ್ಕಳು ಚೀಟಿಗಳಲ್ಲಿ ಪ್ರಶ್ನೆ ಬರೆದು ಕಳಿಸಿದರು. ತಂದೆಯವರು ಜಗುಲಿಯಲ್ಲಿ ಮಾತ್ರ ಸೇದುವರು, ಒಳಗೆ ತಮ್ಮನಿದ್ದಾನೆ, ತೊಂದರೆಯಿಲ್ಲವೆ ಎಂದು ಒಬ್ಬನು ಕೇಳಿದ್ದನು. ಪಕ್ಕದವರ ಹೊಗೆಯೂ ಹೃದಯಕ್ಕೆ ಕೇಡು, ಬಾಗಿಲ ಹೊರಗಿನ ಹೊಗೆ ಕಿಟಕಿಯಿಂದ ಒಳಗೆ ಬರುವುದೆಂದು ಹೇಳಿದೆವು. ಇನ್ನೊಂದು ಚೀಟಿಯಲ್ಲಿ ಹೆಸರಿರಲಿಲ್ಲ. "ಬೀಡಿ ಬಿಡು ಎಂದರೆ ಅಪ್ಪ ಹೊಡೆಯುತ್ತಾರೆ. ನಾನು ಹೇಗೆ ಹೇಳಲಿ?" ಎಂದಿತ್ತು. ಅದನ್ನು ಕೈಯಲ್ಲಿ ಹಿಡಿದು ನಾವು ಒಂದು ಗಳಿಗೆ ನಿಂತೆವು. ನೀನು ಹೇಳಬೇಡ ಮಗು, ಬೀಡಿಯ ಮಾತನ್ನೇ ಎತ್ತಬೇಡ; ರವಿವಾರ ಮುಂಜಾನೆ ಎಂಟಕ್ಕೆ ಶಾಲೆಯ ವರಾಂಡದಲ್ಲಿ ಒತ್ತಡವನ್ನು ಅಳೆಯುವರು, ಹಣ ಕೊಡಬೇಕಾಗಿಲ್ಲ, ಬರೋಣವೆ ಎಂದಷ್ಟೇ ಕೇಳು ಎಂದು ಎಲ್ಲರಿಗೂ ಕೇಳುವಂತೆ ಉತ್ತರಿಸಿದೆವು.

ಆ ರವಿವಾರ ಹನ್ನೊಂದು ಜನ ಬಂದರು. ಅವರಲ್ಲಿ ಐವರಿಗೆ ತಮ್ಮ ಒತ್ತಡ ಏರಿರುವುದು ಅಂದೇ ತಿಳಿಯಿತು. ಒಬ್ಬರು ತೋಳು ಚಾಚುವ ಮುನ್ನ ಅಂಗಿಯ ಜೇಬಿನಿಂದ ಬೀಡಿಯ ಕಟ್ಟನ್ನು ತೆಗೆದು ಮಗನ ಕೈಗೆ ಕೊಟ್ಟು, "ಹಿಡ್ಕೊ, ಆಮ್ಯಾಗ ಕೊಡು" ಎಂದರು. ಹುಡುಗನು ಅದನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡು ಯಂತ್ರದ ಅಂಕಿಯನ್ನೇ ನೋಡುತ್ತ ನಿಂತಿದ್ದನು.